ಊರು ಸುತ್ತಿದ ಖಣ

ಇಳಕಲ್ಲಿನ ಅಂದಾನಪ್ಪನಿಗೆ ಬುದ್ಧಿ ಹೇಳುವ ಚಟವಿತ್ತು. ಎಲೆ ಅಡಿಕೆಯ ಚಟ, ಇಸ್ಪೀಟಿನ ಚಟ ಇದ್ದವರನ್ನು ಹೆಂಡಂದಿರು ಬೈದಾದರೂ ಬಿಡಿಸಬಹುದು. ಇದನ್ನು ಬಿಡಿಸುವುದು ಅವನ ಹೆಂಡತಿ ಬಸವೇಶ್ವರಿಯ ಕೈಲಾಗಿರಲಿಲ್ಲ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಕಲ್ಲಿನ ಅಳತೆ ತೆಗೆದು, ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಿಡುವುದು ಅವನ ನೌಕರಿ. ಒಂದು ದಿನ ಬುತ್ತಿ ಬಿಚ್ಚಿಕೊಂಡು ಕೂತಾಗ ಮೊಬೈಲಿನಲ್ಲಿ ಯಾರೋ ಮಹಾನುಭಾವ, 'ವರ್ಷಗಟ್ಟಲೆ ಬಳಸದ ವಸ್ತು ಮನೆಯಲ್ಲಿದ್ದರೆ ಮನಸ್ಸಿಗೆ ಭಾರ' ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ಅಂದಿನಿಂದ ಅಂದಾನಪ್ಪನಿಗೆ ಹೊಸ ಮಂತ್ರೋಪದೇಶವಾದಂತಾಯಿತು.

“ಮನಿ ಅಂದ್ರ ಹಗುರ ಇರಬೇಕ ನೋಡ್ರಿ,” ಎಂದು ಕಲ್ಲು ಕೊಳ್ಳಲು ಬಂದ ಗಿರಾಕಿಗಳಿಗೂ ಹೇಳತೊಡಗಿದ. ಟನ್ನುಗಟ್ಟಲೆ ಕಲ್ಲಿನ ನಡುವೆ ನಿಂತವನ ಬಾಯಲ್ಲಿ ಹಗುರದ ಉಪದೇಶ ಕೇಳಿ ಹಮಾಲರು ಮುಖ ತಿರುಗಿಸಿ ನಗುತ್ತಿದ್ದರು. ಗಿರಾಕಿ ಓಡಿಹೋದಾನೆಂದು ಮಾಲಕ ಅವನನ್ನು ಹಿಂದಿನ ಶೆಡ್ಡಿಗೆ ಅಟ್ಟಿದ.

ಮನೆಯಲ್ಲಿ ಈ ಮಂತ್ರಕ್ಕೆ ಎದುರು ನಿಂತದ್ದು ಮಂಚದ ಕೆಳಗಿನ ಒಂದು ತಗಡಿನ ಟ್ರಂಕು. ಅದು ಬಸವೇಶ್ವರಿಯದು. ಅದರಲ್ಲಿ ಮಗಳ ಮೊದಲು ಬಿದ್ದ ಹಾಲುಹಲ್ಲು ತಂಬಾಕಿನ ಡಬ್ಬಿಯೊಳಗಿತ್ತು. ಮದುವೆಯ ಹಸಿರು ಬಳೆಯ ಚೂರಿತ್ತು. ಅಕ್ಷರವೆಲ್ಲ ಅಳಿಸಿಹೋದ ಒಂದು ಬಸ್ ಟಿಕೆಟ್ಟಿತ್ತು. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರಿಬ್ಬರೂ ಬನಶಂಕರಿಗೆ ಹೋದದ್ದು ಎಂದು ಅವಳು ಹೇಳಬೇಕು, ನಾವು ನಂಬಬೇಕು. ಮಾರಿಹೋದ ತವರುಮನೆಯ ಕೀಲಿಕೈಯೂ ಇತ್ತು. ಮನೆ ಕೊಂಡವರು ಆ ಬಾಗಿಲನ್ನೇ ಕಿತ್ತು ಶಟರ್ ಹಾಕಿಸಿದ್ದರು.

“ಬಾಗಲಾ ಇಲ್ಲದ ಮನಿಗೆ ಕೀಲಿ ಇಟ್ಕೊಂಡು ಏನ ಮಾಡ್ತೀ?” ಎಂದು ಅಂದಾನಪ್ಪ ಕೇಳಿದರೆ, “ನಿಮಗೇನ ಮಾಡೂದೈತಿ? ನಿಮ್ಮ ತಲೀ ಮ್ಯಾಲ ಕುಂತೈತೇನು?” ಎಂದು ಅವಳು ಟ್ರಂಕನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತಿದ್ದಳು. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು.

ಕಾರಹುಣ್ಣಿಮೆ ಕಳೆದ ಮೇಲೆ ಬಾಗಲಕೋಟೆಯಲ್ಲಿದ್ದ ಮಗಳು ಸ್ಕೂಟಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಮೊಮ್ಮಕ್ಕಳಿಗೆ ರೊಟ್ಟಿ ಬಡಿಯುವವರಿಲ್ಲವೆಂದು ಬಸವೇಶ್ವರಿ ಹೊರಟುನಿಂತಳು. ಗಂಡನ ಹಗುರದ ಹುಚ್ಚು ಗೊತ್ತಿದ್ದರಿಂದ ತಿಜೋರಿಯ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಬಸ್ಸು ಹತ್ತಿದಳು. ಟ್ರಂಕಿಗೆ ಮೊದಲೇ ಬೀಗವಿರಲಿಲ್ಲ. ಅಲ್ಲಿ ಕದಿಯುವಂಥದ್ದೇನಿದೆ ಎಂದು ಅವಳೂ ಅಂದುಕೊಂಡಿರಬೇಕು.

ಅವಳು ಹೋದ ಮರುವಾರವೇ ಹುನಗುಂದದಿಂದ ಅಂದಾನಪ್ಪನ ಅಕ್ಕನ ಮಗ ನಾಗಲಿಂಗ ತನ್ನ ಹೊಸ ಹೆಂಡತಿ ಸುನಂದಾಳನ್ನು ಕರೆದುಕೊಂಡು ಮಾವನ ಮನೆ ನೋಡಲು ಬಂದ. ಅಂದಾನಪ್ಪ ಖಾನಾವಳಿಯಿಂದ ರೊಟ್ಟಿ, ಎಣ್ಣೆಗಾಯಿ ತರಿಸಿ ಉಣ್ಣಿಸಿ, ಮೇಲೆ ಒಂದಿಷ್ಟು ಬುದ್ಧಿಯನ್ನೂ ಹೇಳಿದ. ಅವರು ಹೊರಡುವ ಹೊತ್ತಿಗೆ ಪಕ್ಕದ ಮನೆಯ ಗುರುಸಿದ್ದವ್ವ ಹೊಸ್ತಿಲಲ್ಲಿ ಬಂದು ನಿಂತಳು.

“ಹೊಸಾ ಹೆಣ್ಣಮಗಳನ್ನ ಬರೇ ಉಡೀಲೆ ಕಳಸ್ತೀಯೇನೊ ಅಂದಾನಪ್ಪ? ಅಕ್ಕಿ ಕೊಬ್ಬರಿ ನಾ ತರ್ತೇನಿ. ನೀ ಒಂದು ಖಣ ತಗಿ.”

ತಿಜೋರಿಗೆ ಕೀಲಿ ಬಿದ್ದಿತ್ತು. ಅಂದಾನಪ್ಪ ಮೊಣಕಾಲೂರಿ ಟ್ರಂಕು ಎಳೆದ. ತಳದಲ್ಲಿ, ಬಿಳಿ ಅರಿವೆಯಲ್ಲಿ ಸುತ್ತಿಟ್ಟ ಒಂದು ಗುಳೇದಗುಡ್ಡದ ಖಣ, ಇನ್ನೂ ಹೊಲಿಸದ ಜಂಪರದ ಬಟ್ಟೆ, ಕಂಡಿತು. ಹಸಿರು ಮೈ, ಕೆಂಪು ಅಂಚು, ಮೈತುಂಬ ಸಣ್ಣ ಚಿಕ್ಕಿ. ಒಂದು ಮೂಲೆಗೆ ಅರಿಷಿಣದ ಬೆರಳು ತಾಗಿದ ಗುರುತಿತ್ತು. ಮಡಿಕೆ ಬಿಚ್ಚದೆ ಎಷ್ಟೋ ವರ್ಷವಾದ ಲಕ್ಷಣ ಎದ್ದು ಕಾಣುತ್ತಿತ್ತು. ವರ್ಷಗಟ್ಟಲೆ ಬಳಸದ ವಸ್ತು! ಅಂದಾನಪ್ಪನಿಗೆ ತನ್ನ ಸಿದ್ಧಾಂತವೇ ಕಣ್ಣೆದುರು ಬಂದು ಕೂತಷ್ಟು ಖುಷಿಯಾಯಿತು.

“ಬಸವೇಶ್ವರಿಗೆ ಒಂದ ಮಾತ ಫೋನ್ ಹಚ್ಚಿ ಕೇಳು,” ಎಂದಳು ಗುರುಸಿದ್ದವ್ವ.

“ಒಂದ ಖಣಕ್ಕ ಫೋನ್ ಹಚ್ಚೂದ? ಈ ಮನ್ಯಾಗ ನನಗಷ್ಟೂ ಅಧಿಕಾರ ಇಲ್ಲೇನಬೇ?”

ಗುರುಸಿದ್ದವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆಯ ಜೊತೆ ಖಣವೂ ಸುನಂದಾಳ ಸೆರಗಿಗೆ ಬಿತ್ತು. ಹುಡುಗಿ ಬಗ್ಗಿ ಕಾಲಿಗೆರಗಿದಾಗ ಅಂದಾನಪ್ಪ, “ಮನಿ ಹಗುರ ಇಟ್ಕೋ ಯವ್ವಾ,” ಎಂದು ಹರಸಿದ. ಮರುದಿನ ಶೆಡ್ಡಿನಲ್ಲಿ ಈ ಪ್ರಸಂಗವನ್ನು ಹಮಾಲರೆಲ್ಲರಿಗೂ ವಿವರಿಸಿದ.

ಆಷಾಢ ಕಳೆಯುತ್ತ ಬಂತು. ನಾಗರಪಂಚಮಿ ಮುಂದಿನ ವಾರವಿದೆ ಎನ್ನುವಾಗ ಬಾಗಲಕೋಟೆಯಿಂದ ಬಸವೇಶ್ವರಿಯ ಫೋನು ಬಂತು.

“ಪ್ಲಾಸ್ಟರ್ ಬಿಚ್ಚಿದ್ರು ರೀ. ಪಂಚಮಿಗಿಂತ ಮೊದಲ ಬರ್ತೇನಿ. ಟ್ರಂಕಿನ ತಳಕ್ಕ ಬಿಳಿ ಅರಿವ್ಯಾಗ ಒಂದು ಖಣ ಐತಿ ನೋಡ್ರಿ. ಮಳಿಗಾಲ, ನುಸಿ ಹತ್ತೀತು, ಸ್ವಲ್ಪ ಬಿಸಲಿಗೆ ಹಾಕ್ರಿ. ಹುಷಾರಿ ಮತ್ತ. ನಮ್ಮವ್ವ ಕಡೀ ಸಲ ನನಗ ಉಡಿ ತುಂಬಿದ್ದದು.”

ಅಂದಾನಪ್ಪ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ. ಆ ಕಿವಿಯಲ್ಲೂ ಅದೇ ಮಾತು ಮುಂದುವರಿಯಿತು.

“ಪಂಚಮಿಗೆ ಎಲ್ಲಾರೂ ತವರಮನಿಗೆ ಹೊಕ್ಕಾರ. ನೀವು ಡ್ಯೂಟಿಗೆ ಹೋದಮ್ಯಾಲೆ ನಾ ಅದನ್ನ ಉಡ್ಯಾಗ ಹಾಕ್ಕೊಂಡು ಸುಮ್ಮನ ಕುಂದರ್ತೇನ್ರಿ. ನಮ್ಮವ್ವನ ಕೈ ವಾಸನಿ ಇನ್ನೂ ಐತಿ ಅದಕ್ಕ. ನೀವು ನಗತೀರಂತ ಹೇಳಿರಲಿಲ್ಲ. ಈಗ ನನ್ನ ತವರಮನಿ ಅಂದ್ರ ಅದೊಂದ ಅಲ್ಲೇನ್ರಿ. ಯಾಕ್ರಿ, ಕೇಳಸಾಕತ್ತೈತೇನು?”

“ಕೇಳಸಾಕತ್ತೈತಿ.”

“ಧ್ವನಿ ಯಾಕ ಹಿಂಗಾತು?”

“ಏನಿಲ್ಲ, ಕಲ್ಲಿನ ಧೂಳ,” ಎಂದು ಅಂದಾನಪ್ಪ ಫೋನಿಟ್ಟ. ಅವನು ನಿಂತಿದ್ದದ್ದು ಸ್ವಂತ ಅಡಿಗೆಮನೆಯಲ್ಲಿ.

ಬಸವೇಶ್ವರಿ ಒಬ್ಬಳೇ ಮಗಳು. ಬಾದಾಮಿ ಕಡೆಯ ಹಳ್ಳಿಯಲ್ಲಿದ್ದ ತಾಯಿ ತೀರಿಕೊಂಡ ಮೇಲೆ ಅವಳನ್ನು ಹಬ್ಬಕ್ಕೆ ಬಾ ಎಂದು ಕರೆಯುವ ಬಾಯಿ ಈ ಭೂಮಿಯ ಮೇಲೆ ಉಳಿದಿರಲಿಲ್ಲ. ಪ್ರತಿ ಪಂಚಮಿಗೂ ತಾನು ಶೇಂಗಾ ಉಂಡಿ ತಿಂದು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಹೀಗೊಂದು ನಡೆಯುತ್ತಿತ್ತು ಎನ್ನುವುದು ಅಂದಾನಪ್ಪನಿಗೆ ಗೊತ್ತೇ ಇರಲಿಲ್ಲ. ಅವನಿಗೆ ತನ್ನ ಮೇಲೆ ಸಿಟ್ಟು ಬಂತು, ಮೊಬೈಲಿನ ಮಹಾನುಭಾವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಗ್ಯಾಸಿನ ಕಟ್ಟೆಗೆ ಒರಗಿ ನಿಂತ.

ಅಪರಾಧಿ ಮಾಡುವ ಮೊದಲ ಕೆಲಸವನ್ನೇ ಅವನೂ ಮಾಡಿದ. ಅಂಥದೇ ಇನ್ನೊಂದನ್ನು ತಂದಿಟ್ಟುಬಿಡೋಣ ಎಂದು ಬಜಾರಿಗೆ ಓಡಿದ. ಸೀರೆ ಅಂಗಡಿಯ ಮುನಾಫ ಹಳೆಯ ಪರಿಚಯದವನು.

“ಹಸರು ಖಣ ಕೊಡಪಾ ಮುನಾಫ.”

“ಯಾವ ಹಸರ್ರಿ? ಗಿಳಿ ಹಸರೊ, ಎಲಿ ಹಸರೊ, ಬಾಳಿಸುಳಿ ಹಸರೊ?”

ಅಂದಾನಪ್ಪ ಎರಡು ಕಲ್ಲಿನ ನಡುವಿನ ಕೂದಲೆಳೆಯಷ್ಟು ಬಣ್ಣದ ವ್ಯತ್ಯಾಸವನ್ನು ದೂರದಿಂದ ಹಿಡಿಯುವ ಮನುಷ್ಯ. ಹೆಂಡತಿಯ ಖಣ ಯಾವ ಹಸಿರು ಎಂದು ಹೇಳಲಾಗಲಿಲ್ಲ. ಮುನಾಫ ಅರ್ಧ ಅಂಗಡಿ ಇಳಿಸಿ ಹಾಕಿದ ಮೇಲೆ ಕೇಳಿದ, “ಹಳೇದರ ಜಾಗಾಕ್ಕ ಹೊಸಾದು ಇಡಾವರೇನ್ರಿ? ಬ್ಯಾಡ್ರಿ ಕಾಕಾ. ಹೆಣ್ಣಮಕ್ಕಳು ಒಂದ ಸಲ ಮೂಸಿ ನೋಡಿದ್ರ ಸಾಕು, ನಿಮ್ಮ ಗ್ರಹಚಾರ ಬಿಡಿಸ್ತಾರ.”

ಆದರೂ ಒಂದನ್ನು ಕಟ್ಟಿಸಿಕೊಂಡ. ಇದನ್ನು ಸುನಂದಾಳಿಗೆ ಕೊಟ್ಟು ಅದನ್ನು ಇಸಿದುಕೊಂಡು ಬಂದರಾಯಿತು ಎಂಬ ಹೊಸ ಉಪಾಯ ಹೊಳೆದಿತ್ತು. ಗುರುಸಿದ್ದವ್ವನಿಗೆ ಹೇಳಿದ್ದೇ ತಡ, ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಹುಚ್ಚಪ್ಯಾಲಿ! ತುಂಬಿದ ಉಡಿ ಯಾರರ ತಿರುಗಿ ಬೇಡ್ತಾರೇನೊ? ಅದೂ ಹೊಸಾ ಮದುಮಗಳದು! ನಿಮ್ಮಕ್ಕ ನಿನ್ನ ಮಾರಿ ನೋಡೂದಿಲ್ಲ ಮುಂದ.”

ಅದೇ ಈ ಕಥೆಯ ಪೇಚು. ನಮ್ಮ ಕಡೆ ಉಡಿಗೆ ಹಾಕಿದ್ದನ್ನು ವಾಪಸು ಕೇಳುವುದೆಂದರೆ ಮಾಡಿದ ಆಶೀರ್ವಾದವನ್ನೇ ವಾಪಸು ಕೇಳಿದಂತೆ. ಜೊತೆಗೆ ಖಣಕ್ಕೆ ಇನ್ನೊಂದು ಗುಣವುಂಟು: ಅದು ಕೂತಲ್ಲಿ ಕೂರುವುದಿಲ್ಲ. ಉಡಿಗೆ ಬಂದ ಖಣಗಳಲ್ಲಿ ಅರ್ಧ ಜಂಪರವಾದರೆ ಇನ್ನರ್ಧ ಮನೆಗೆ ಬಂದ ಬೇರೊಬ್ಬ ಹೆಣ್ಣುಮಗಳ ಉಡಿ ಸೇರಿ ಮುಂದಿನ ಊರಿಗೆ ಹೋಗುತ್ತವೆ. ಅದನ್ನು ಬೆನ್ನಟ್ಟಬೇಕು, ಬೇಡಬಾರದು. ಅಂದಾನಪ್ಪ ಮಾಲಕನಿಗೆ ಹೊಟ್ಟೆನೋವೆಂದು ಹೇಳಿ ಹುನಗುಂದದ ಬಸ್ಸು ಹತ್ತಿದ.

ಹುನಗುಂದದಲ್ಲಿ ಅಕ್ಕ ಗುರುಲಿಂಗವ್ವ ಚಹ ಮಾಡಿದಳು. ಸುನಂದಾ ತಂದು ಕೊಟ್ಟಳು. ಅಂದಾನಪ್ಪ ಬಸ್ಸಿನಲ್ಲಿ ಕಂಠಪಾಠ ಮಾಡಿದ್ದೆಲ್ಲ ಮರೆತು ನೇರ ಕೇಳಿಬಿಟ್ಟ.

“ಯವ್ವಾ ಸುನಂದಾ, ಅವತ್ತ ನಿನ್ನ ಉಡ್ಯಾಗ ಹಾಕಿದ್ದ ಖಣ... ಹೊಲಿಸಿಯೇನವಾ?”

ಸುನಂದಾ ಕೆಂಪಗಾಗಿ ಸೆರಗು ಹೊದ್ದು ಒಳಗೋಡಿದಳು. ಗುರುಲಿಂಗವ್ವ ತನ್ನ ಬಸಿಯನ್ನು ಟಪ್ಪೆಂದು ನೆಲಕ್ಕಿಟ್ಟಳು.

“ಏನೊ ಅಂದಾನಿ, ಸೊಸಿ ಜಂಪರದ ಚೌಕಶಿ ನಿನಗ್ಯಾಕೊ?”

“ಹಂಗಲ್ಲಕ್ಕಾ!” ಅಂದಾನಪ್ಪ ಬಾಯಿಗೆ ಬಂದ ಮೊದಲ ಸುಳ್ಳನ್ನು ಹಿಡಿದುಕೊಂಡ. “ಫ್ಯಾಕ್ಟರಿಗೆ ಒಬ್ಬ ದೊಡ್ಡ ಗಿರಾಕಿ ಬಂದಾನ. ಆ ಖಣದ ಬಣ್ಣದ ಕಲ್ಲ ಬೇಕಂತ ಅವಗ. ಬಣ್ಣ ಹೊಂದಿಸಿ ನೋಡಬೇಕಿತ್ತು.”

“ಹಸರು ಕಲ್ಲ? ನಿಮ್ಮ ಇಳಕಲ್ಲಾಗ ಸಿಗೂದು ಕೆಂಪು ಕಲ್ಲಲ್ಲೇನೊ?”

“ಅದಕ್ಕ... ಅದಕ್ಕಂತನ ಹುಡುಕಾಡಾಕ ಹತ್ತೇವಿ.”

ಗುರುಲಿಂಗವ್ವ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಆ ಖಣ ಈಗ ಮನೆಯಲ್ಲಿರಲಿಲ್ಲ. ಕಮತಗಿಯಿಂದ ಜಯಶ್ರೀ ಎಂಬ ಬೀಗರ ಪೈಕಿಯವಳು ಸೊಸೆಯನ್ನು ನೋಡಲು ಬಂದಿದ್ದಳು; ಗುರುಲಿಂಗವ್ವ ಅದನ್ನೇ ಅವಳ ಉಡಿಗೆ ಹಾಕಿ ಕಳಿಸಿದ್ದಳು. ಇಷ್ಟು ಹೇಳುವಾಗ ಅವಳ ಕಣ್ಣು ತಮ್ಮನ ಕೈಯಲ್ಲಿದ್ದ ಪೊಟ್ಟಣದ ಮೇಲೆ ಬಿತ್ತು.

“ಅದೇನೊ?”

“ಇದು... ಖಣ.”

ಗುರುಲಿಂಗವ್ವನ ಮುಖವೇ ಬದಲಾಯಿತು. ಪೊಟ್ಟಣ ಇಸಿದುಕೊಂಡು ಬಿಚ್ಚಿ, ಖಣವನ್ನು ಎರಡೂ ಕಣ್ಣಿಗೊತ್ತಿಕೊಂಡಳು. “ಪಂಚಮಿ ಮುಂದ ತವರಿಂದ ಖಣ ತಂದ್ಯೇನೊ ತಮ್ಮಾ? ಹಂಗಂತ ಮೊದಲ ಹೇಳಬಾರದ? ಅಪ್ಪ ಹೋದಮ್ಯಾಲೆ ಇದ ಮೊದಲನೇ ಸಲ ನೋಡು ನೀ ತಂದದ್ದು,” ಎಂದು ಮೂಗೊರೆಸಿಕೊಂಡಳು. ಅಂದಾನಪ್ಪ ಚಹ ನುಂಗಿದ. ತಾನೂ ಒಬ್ಬಳ ತವರುಮನೆ ಎನ್ನುವುದು ಅವನಿಗೆ ಇಷ್ಟು ದಿನ ಹೊಳೆದಿರಲಿಲ್ಲ, ನಾಚಿಕೆಯಾಯಿತು.

ಅವನು ಕಮತಗಿಯ ಬಸ್ಸಿಗೆ ನಿಂತಿದ್ದಾಗ ಗುರುಲಿಂಗವ್ವನ ಕಣ್ಣೀರು ಆರಿ ಬುದ್ಧಿ ಓಡತೊಡಗಿತು. ಕೆಂಪು ಕಲ್ಲಿನ ಊರಿನವನು ಹಸಿರು ಖಣದ ಬೆನ್ನು ಹತ್ತಿದ್ದಾನೆಂದರೆ ಆ ಖಣದಲ್ಲಿ ಏನೋ ಇರಲೇಬೇಕು. ಅವಳು ಜಯಶ್ರೀಗೆ ಫೋನು ಹಚ್ಚಿದಳು. ಬಸ್ಸು ಅಮೀನಗಡದಲ್ಲಿ ನಿಂತು ಕರದಂಟಿನ ಗಿರಾಕಿಗಳನ್ನು ಇಳಿಸಿ ಹೊರಡುವಷ್ಟರಲ್ಲಿ ಸುದ್ದಿ ಕಮತಗಿಗೆ ಹೋಗಿ ಕಾಲು ಚಾಚಿ ಕೂತಿತ್ತು.

ಜಯಶ್ರೀ ಬಾಗಿಲಲ್ಲೇ ನಿಂತಿದ್ದಳು. ಅವಳ ಗಂಡ ಧರ್ಮರಾಜ ಒಂದು ಸಲ ಚುನಾವಣೆಗೆ ನಿಂತು ಸೋತವನು. ಅಂದಿನಿಂದ ಯಾವ ವಿಷಯವನ್ನೂ ವಿಚಾರಣೆ ನಡೆಸದೆ ಬಿಡುತ್ತಿರಲಿಲ್ಲ.

“ಬರ್ರಿ, ಕುಂದರ್ರಿ. ನೀರು ಕುಡೀರಿ. ಖರೆ ಹೇಳ್ರಿ. ಆ ಖಣದಾಗ ಏನೈತಿ?”

“ಏನಿಲ್ರಿ. ಕಲ್ಲಿನ ಬಣ್ಣ...”

“ಹಸರು ಖಣ, ಕೆಂಪು ಕಲ್ಲು. ನಮ್ಮನ್ನೇನು ಎಳೇ ಹುಡುಗರಂತ ತಿಳದೀರೇನು? ಮೂಲ್ಯಾಗ ಅರಿಷಿಣದ ಬಟ್ಟ ಮೂಡಿದ್ವು. ನಾ ಕಣ್ಣಾರೆ ನೋಡೇನಿ. ಯಾರೋ ಏನೋ ಮಾಡಿಸ್ಯಾರ ಅದಕ್ಕ!”

ಜಯಶ್ರೀ ಗೋಡೆ ಹಿಡಿದು ಕೆಳಗೆ ಕೂತಳು. “ಅಯ್ಯೋ ಶಿವನ! ನಾ ಅದನ್ನ ಚೊಳಚಗುಡ್ಡಕ್ಕ ಒಯ್ದು ನಮ್ಮ ಚಿಗವ್ವನ ಮಗಳ ಒಂಬತ್ತ ತಿಂಗಳ ಕುಬಸದಾಗ ಉಡಿಗೆ ಹಾಕಿ ಬಂದೇನ್ರಿ! ಬಸುರಿ ಹೆಣ್ಣಮಗಳ ಉಡಿಗೆ!”

“ತಂಗೀ, ಅದರಾಗ ಕೆಟ್ಟದ್ದೇನೂ ಇಲ್ಲ,” ಎಂದ ಅಂದಾನಪ್ಪ.

“ಹಂಗಾರ ಒಳ್ಳೇದೇನೈತಿ ಅದನ್ನರ ಹೇಳ್ರಿ!” ಎಂದು ಧರ್ಮರಾಜ ಮೇಜು ಗುದ್ದಿದ.

ಅಂದಾನಪ್ಪ ಆಗಲೇ ನಿಜ ಹೇಳಿಬಿಡಬಹುದಿತ್ತು. ಹೇಳಿದರೆ, ಅತ್ತೆ ಕೊನೆಯ ಸಲ ತುಂಬಿದ ಉಡಿಯನ್ನು ಹೆಂಡತಿಗೆ ಗೊತ್ತಿಲ್ಲದೆ ದಾನ ಮಾಡಿದ ಮೂರ್ಖ ತಾನೆಂದು ಒಪ್ಪಿದಂತೆ. ಅದನ್ನೀಗ ವಾಪಸು ಬೇಡುವ ನಾಚಿಕೆಗೇಡಿಯೂ ತಾನೇ ಎಂದಂತೆ. ಎರಡೂ ಬಿರುದು ಒಟ್ಟಿಗೆ ಹೊರಲು ಅವನಿಗೆ ಧೈರ್ಯ ಬರಲಿಲ್ಲ. “ಬಸ್ಸಿಗೆ ಹೊತ್ತಾತು,” ಎಂದು ಎದ್ದ. ಅವನ ಬೆನ್ನ ಹಿಂದೆ ಜಯಶ್ರೀ ಫೋನು ಹಚ್ಚುತ್ತಿದ್ದುದು ಕೇಳಿಸಿತು.

ಚೊಳಚಗುಡ್ಡದಲ್ಲಿ ಬಸ್ಸಿಳಿದಾಗ ಹೋಟೆಲಿನ ಕಟ್ಟೆಯ ಮೇಲಿದ್ದ ಒಬ್ಬ ಮುದುಕ ಕೇಳದೆಯೇ ಕೈ ತೋರಿಸಿದ. “ಇಳಕಲ್ಲ ಖಣದಾವರೇನ್ರಿ? ಶಾರವ್ವನ ಮನಿ ಆ ಓಣ್ಯಾಗ. ಮಂದಿ ಕೂಡ್ಯಾರ ನೋಡ್ರಿ, ಅಲ್ಲೆ.”

ಮಂದಿ ಕೂಡಿತ್ತು ನಿಜ. ಕಟ್ಟೆಯ ಮೇಲೆ, ಗಲ್ಲಿಯ ತುಂಬ, ಮಾಳಿಗೆಯ ಮೇಲೂ ಹೆಣ್ಣುಮಕ್ಕಳಿದ್ದರು. ಜಯಶ್ರೀಯ ಚಿಗವ್ವ ಶಾರವ್ವ ಮನೆಯ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಗಿಡ್ಡ ಆಳು, ಹಣೆಯ ತುಂಬ ವಿಭೂತಿ, ಕೈಯಲ್ಲಿ ಕಸಬರಿಗೆ. ಕಸಬರಿಗೆ ಕಸ ಹೊಡೆಯಲು ಹಿಡಿದ ರೀತಿಯಲ್ಲಿರಲಿಲ್ಲ.

“ಅಲ್ಲೇ ನಿಂದರು,” ಎಂದಳು. “ನನ್ನ ಮಗಳು ಬಾಣಂತಿ ಅದಾಳ. ಕೂಸಿಗೆ ಇನ್ನೂ ತಿಂಗಳ ತುಂಬಿಲ್ಲ. ಆ ಖಣದಾಗ ಏನೈತಿ ಅನ್ನೂದನ್ನ ಹೇಳು, ಆಮ್ಯಾಲ ಒಳಗ ಕಾಲಿಡು.”

ಅಂದಾನಪ್ಪ ಸುತ್ತ ನೋಡಿದ. ಹಸಿರು ಕಲ್ಲಿನ ಗಿರಾಕಿ ನೆನಪಾದ, ಆದರೆ ಕಸಬರಿಗೆಯ ಎದುರು ಅವನು ನಿಲ್ಲಲಿಲ್ಲ. ಬೆಳಗಿನಿಂದ ಹೊತ್ತುಕೊಂಡು ತಿರುಗಿದ ಸುಳ್ಳು ಅವನಿಗೇ ಸಾಕಾಗಿತ್ತು.

“ಅದರಾಗ... ಅದರಾಗ ನಮ್ಮ ಅತ್ತಿ ಅದಾಳ್ರಿ,” ಎಂದುಬಿಟ್ಟ.

“ಯಾವ ಅತ್ತಿ?”

“ನನ್ನ ಹೆಂಡತಿ ಅವ್ವ.”

“ಬದಕ್ಯಾಳೇನು?”

“ಇಲ್ರಿ. ತೀರಿಕೊಂಡಾಳ.”

ಓಣಿಗೆ ಓಣಿಯೇ ಹಿಂದೆ ಸರಿಯಿತು. ಮಾಳಿಗೆಯ ಮೇಲಿದ್ದವಳೊಬ್ಬಳು “ಯವ್ವಾ ಬನಶಂಕರೀ!” ಎಂದು ಕೂಗಿ ಕೂತುಬಿಟ್ಟಳು. ಶಾರವ್ವ ಕಸಬರಿಗೆ ಎತ್ತಿದಳು.

“ಅಯ್ಯೋ ಹಂಗಲ್ರೆವ್ವಾ!” ಅಂದಾನಪ್ಪ ಎರಡೂ ಕೈ ಮುಗಿದ. ಆಮೇಲೆ ಎಲ್ಲವನ್ನೂ ಹೇಳಿದ. ಟ್ರಂಕಿನ ಸಂಗತಿ, ತನ್ನ ಹಗುರದ ಹುಚ್ಚು, ಸುನಂದಾಳ ಉಡಿ, ಬಸವೇಶ್ವರಿಯ ಫೋನು. ಪಂಚಮಿಯ ದಿನ ಅವಳು ಆ ಖಣವನ್ನು ಉಡಿಯಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಾಳಂತೆ ಎನ್ನುವುದನ್ನೂ ಬಿಡಲಿಲ್ಲ. “ನಾ ಅದನ್ನ ಕೊಟ್ಟುಬಿಟ್ಟೇನ್ರಿ. ಆಕಿ ತವರಮನೀನ ಕೊಟ್ಟುಬಿಟ್ಟೇನಿ. ಕೇಳಾಕ ಬಂದಿಲ್ಲ ನಾ, ಉಡಿಗೆ ಹಾಕಿದ್ದು ಕೇಳಬಾರದಂತ ಗೊತ್ತೈತಿ. ಆದ್ರೂ ಯಾಕೋ ಬಂದೇನಿ,” ಎಂದು ನಡುಬೀದಿಯಲ್ಲಿ ನಿಂತು ಅತ್ತ.

ಹೆಣ್ಣುಮಕ್ಕಳೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದರು. ಅವರಲ್ಲಿ ತವರು ಇದ್ದವರೂ ಇದ್ದರು, ಇಲ್ಲದವರೂ ಇದ್ದರು. ಶಾರವ್ವ ಕಸಬರಿಗೆಯನ್ನು ಮೂಲೆಗೆಸೆದು, “ಒಳಗ ಬಾರೊ ತಮ್ಮಾ,” ಎಂದಳು.

ಒಳಗೆ ತೊಟ್ಟಿಲಲ್ಲಿ ಹೆಣ್ಣುಕೂಸು ಮಲಗಿತ್ತು. ಅದರ ತಲೆಗೆ ಕುಂಚಗಿ ಕಟ್ಟಿದ್ದರು. ತಲೆಗೆ ಟೋಪಿಯಾಗಿ, ಬೆನ್ನಿಗೆ ಹೊದಿಕೆಯಾಗಿ ಇಳಿಯುವ ಹಸಿರು ಕುಂಚಗಿ, ಅಂಚಿಗೆ ಕೆಂಪು, ಮೈತುಂಬ ಸಣ್ಣ ಚಿಕ್ಕಿ. ಬಲ ಭುಜದ ಹತ್ತಿರ ಅರಿಷಿಣದ ಬೆರಳ ಗುರುತು ಹಾಗೇ ಇತ್ತು.

“ಚೊಲೊ ಖಣ, ಮೆತ್ತಗಾಗಿತ್ತು, ಕೂಸಿಗೆ ಚುಚ್ಚೂದಿಲ್ಲಂತ ನಾನ ಹೊಲಿದೆ,” ಎಂದಳು ಶಾರವ್ವ. ಅವಳ ಧ್ವನಿಯಲ್ಲೀಗ ಜೋರಿರಲಿಲ್ಲ. “ಕತ್ತರಿ ಹಾಕಿಬಿಟ್ಟೇನಲ್ಲೊ. ಹೊಲಿಗಿ ಬಿಚ್ಚಿ ಕೊಡ್ಲೇನು? ಚೂರು ಚೂರಾದ್ರೂ ಆಕೀಗೆ ಸಿಗಲಿ.”

ಕೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸಿ ಮುಖವನ್ನು ಆ ಅಂಚಿಗೆ ಒತ್ತಿಕೊಂಡಿತು. ಅಂದಾನಪ್ಪ ನೋಡುತ್ತ ನಿಂತ. ಅವನಿಗೆ ಎಂಥ ಬುದ್ಧಿಮಾತೂ ನೆನಪಾಗಲಿಲ್ಲ.

“ಬ್ಯಾಡ್ರಿ,” ಎಂದ.

“ಹಂಗಾರ ಒಂದ ಕೆಲಸ ಮಾಡು. ಇದನ್ನ ಆಕೀಗೆ ನೀನ ಹೇಳು, ಮಂದಿ ಹೇಳೂದ್ರಾಗ. ಪಂಚಮಿಗೆ ಆಕಿನ್ನ ಇಲ್ಲಿಗೆ ಕರಕೊಂಡ ಬಾ.”

ಬಸವೇಶ್ವರಿ ಊರಿಗೆ ಬಂದಳು. ಚೀಲ ಇಳಿಸಿ ನೀರು ಕುಡಿಯುವುದರೊಳಗೆ ಅಂದಾನಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತು ಎಲ್ಲವನ್ನೂ ಒದರಿದ. ಅವಳು ತಂಬಿಗೆ ಕೈಯಲ್ಲಿ ಹಿಡಿದೇ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು.

“ಕೂಸು ಹೆಣ್ಣೊ ಗಂಡೊ?”

“ಹೆಣ್ಣು.”

ಅವಳು ಎದ್ದು ಹೋಗಿ ರೊಟ್ಟಿ ಬಡಿಯಲು ಕೂತಳು. ಬೈಯಲಿಲ್ಲ, ಅಳಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಮರುದಿನವೂ ಮಾತಿಲ್ಲ, ಅದರ ಮರುದಿನವೂ ಇಲ್ಲ. ಬುತ್ತಿ ಕಟ್ಟಿಕೊಡುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಅವನ ಮುಖ ನೋಡುತ್ತಿರಲಿಲ್ಲ. ಅಂದಾನಪ್ಪ ಸೋತು ಗುರುಸಿದ್ದವ್ವನ ಬಳಿಗೆ ಹೋದ.

“ಯವ್ವಾ, ಆಕಿಗೆ ಸ್ವಲ್ಪ ಹೇಳಬೇ. ಒಂದೀಟು ಬೈಯಂತ ಹೇಳು. ಬಾಯಿಗೆ ಬಂದಂಗ ಬೈಲಿ.”

“ನಾ ಹೇಳಿ ನೋಡೇನಪಾ,” ಎಂದಳು ಗುರುಸಿದ್ದವ್ವ. “ಬೈಯಾಕ ಏನೈತಿ, ಅವರಿಗೂ ಗೊತ್ತಿರಲಿಲ್ಲ ಅಂತಾಳ.”

ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಗೊತ್ತು ಮಾಡಿಕೊಳ್ಳುವ ಗೋಜಿಗೇ ತಾನು ಹೋಗಿರಲಿಲ್ಲವಲ್ಲ ಎಂದು ಅಂದಾನಪ್ಪ ಶೆಡ್ಡಿನಲ್ಲಿ ಕೆಲಸದ ನಡುವೆ ಸುಮ್ಮನೆ ಕೂತುಬಿಟ್ಟ. ಹಮಾಲರು ಅವನಿಗೆ ಮೈಯಲ್ಲಿ ಹುಷಾರಿಲ್ಲವೆಂದುಕೊಂಡರು.

ಪಂಚಮಿಯ ದಿನ ಬೆಳಿಗ್ಗೆ ಅಂದಾನಪ್ಪ ಅಂಜುತ್ತಲೇ, “ಚೊಳಚಗುಡ್ಡಕ್ಕ ಬಾ ಅಂದಾರ. ಬರ್ತಿಯೇನು?” ಎಂದು ಕೇಳಿದ. ಬಸವೇಶ್ವರಿ ಇಳಕಲ್ ಸೀರೆ ಉಟ್ಟು, ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಬಾದಾಮಿ ದಾಟುವವರೆಗೂ ಹಾಗೇ ಕೂತಿದ್ದಳು. ತಾಯಿಯ ಹಳ್ಳಿಗೆ ಹೊರಳುವ ದಾರಿ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಂಡಳು.

ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಸರದಿಗೆ ಜಗಳಾಡುತ್ತಿದ್ದರು. ಶಾರವ್ವ ಹೊಸ್ತಿಲಲ್ಲಿ ನಿಂತಿದ್ದಳು. ಬಂದವರ ಕಾಲಿಗೆ ನೀರು ಕೊಟ್ಟು, ಬಸವೇಶ್ವರಿಯನ್ನು ಚಾಪೆಯ ಮೇಲೆ ಕೂರಿಸಿ, ಕೂಸನ್ನು ತಂದು ಅವಳ ಉಡಿಯಲ್ಲಿ ಹಾಕಿದಳು.

ಬಸವೇಶ್ವರಿ ಕುಂಚಗಿಯ ಅಂಚನ್ನು ಬೆರಳಿನಿಂದ ಸವರಿದಳು. ಭುಜದ ಹತ್ತಿರದ ಆ ಅರಿಷಿಣದ ಗುರುತಿನ ಮೇಲೆ ತನ್ನ ಬೆರಳಿಟ್ಟಳು. ಆಮೇಲೆ ಬಗ್ಗಿ ಮೂಸಿ ನೋಡಿದಳು. ತಾಯಿಯ ವಾಸನೆ ಇತ್ತೋ ಇಲ್ಲವೋ, ಹಾಲಿನ ವಾಸನೆಯಿತ್ತು, ಲೋಬಾನದ ಹೊಗೆಯ ವಾಸನೆಯಿತ್ತು. “ಅವ್ವಾ,” ಎಂದು ಒಂದೇ ಸಲ ಅಂದವಳು ಕೂಸನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಂದಾನಪ್ಪ ಬಾಗಿಲ ಮರೆಗೆ ಸರಿದು ತಾನೂ ಅತ್ತ. ಅಷ್ಟರಲ್ಲಿ ಕೂಸು ಯಾವ ಮುನ್ಸೂಚನೆಯನ್ನೂ ಕೊಡದೆ ಅವಳ ಸೀರೆಯನ್ನು ತೋಯಿಸಿತು.

“ಅಯ್ಯ ನಮ್ಮವ್ವ!” ಎಂದು ಬಸವೇಶ್ವರಿ ಅಳುತ್ತಲೇ ನಕ್ಕಳು. ಮನೆ ತುಂಬ ನಗು ಎದ್ದಿತು.

ಶಾರವ್ವ ಅವಳಿಗೆ ತನ್ನದೇ ಒಂದು ಸೀರೆ ಕೊಟ್ಟು ಉಡಿಸಿದಳು. ಅಳ್ಳಿಟ್ಟು, ಉಂಡಿ, ಕಡಬು ಉಣ್ಣಿಸಿದಳು. ಓಣಿಯ ಹುಡುಗಿಯರು ಬಸವೇಶ್ವರಿಯ ಕೈ ಹಿಡಿದೆಳೆದು ಜೋಕಾಲಿಗೆ ಕೂರಿಸಿದರು. ಅವಳು ಬೇಡ ಬೇಡವೆಂದು ಕೂಗುತ್ತಲೇ ಹಗ್ಗ ಗಟ್ಟಿ ಹಿಡಿದು ಜೀಕಿದಳು. ಅಂದಾನಪ್ಪ ಕಟ್ಟೆಯ ಮೇಲೆ ಕೂತು ನೋಡಿದ. ಹೆಂಡತಿ ಇಷ್ಟು ಎತ್ತರಕ್ಕೆ ಹೋಗಬಲ್ಲಳೆಂದು ಅವನಿಗೆ ತಿಳಿದಿರಲಿಲ್ಲ.

ಹೊತ್ತು ಇಳಿಯಿತು. ಅಂದಾನಪ್ಪ ಎದ್ದು ಮೆಲ್ಲಗೆ, “ಬಸ್ಸಿನ ಟೈಮ್ ಆತು, ಹೊರಡೂಣು?” ಎಂದ.

“ಯಾರು ಹೊರಡಾವ್ರು?” ಒಳಗಿನಿಂದ ಶಾರವ್ವನ ಧ್ವನಿ ಬಂತು. ಅವಳೇ ಹೊರಗೆ ಬಂದಳು. “ನೀ ಹೋಗಪಾ, ನಿನ್ನ ಡ್ಯೂಟಿ ಐತಿ. ಪಂಚಮಿಗೆ ತವರಿಗೆ ಬಂದ ಮಗಳನ್ನ ಅವತ್ತಿಂದವತ್ತ ಯಾರರ ಕಳಸ್ತಾರೇನು?”

ಅಂದಾನಪ್ಪ ಹೆಂಡತಿಯ ಮುಖ ನೋಡಿದ. ಬಸವೇಶ್ವರಿ ಜೋಕಾಲಿಯಿಂದ ಇಳಿದಿರಲಿಲ್ಲ. ಕಾಲನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದಳು. ಬಾಗಲಕೋಟೆಯಿಂದ ಬಂದಾಗಿನಿಂದ ಮೊದಲ ಸಲ ಗಂಡನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಳು.

“ನೀವು ಹೋಗ್ರಿ. ಆಮ್ಯಾಲ ಕರಿಯಾಕ ಬರ್ರಿ.”

ಹೆಂಡತಿಯನ್ನು ತವರಿನಿಂದ ಕರೆತರುವ ಕೆಲಸ ಅಂದಾನಪ್ಪನಿಗೆ ಮರೆತೇ ಹೋಗಿತ್ತು. ಹೊಸ ಅಳಿಯನ ಹಾಗೆ ಅಂಗಿಯ ಕಾಲರು ಸರಿಮಾಡಿಕೊಂಡ.

“ಯಾವತ್ತ ಬರ್ಲಿ?” ಎಂದು ಕೇಳಿದ.

ಬಸವೇಶ್ವರಿ ಉತ್ತರಿಸುವ ಮೊದಲೇ ಶಾರವ್ವ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

“ಅದನ್ನ ನಾವು ಹೇಳಿ ಕಳಸ್ತೇವಿ. ನಮ್ಮ ಮಗಳು ಭಾಳ ದಿನದಮ್ಯಾಲೆ ಬಂದಾಳ.”